ಗುಡಿ, ಮಸೀದಿ, ಚರ್ಚು ಬರೆಯದೆ ಒಂದು ಸೌಹಾರ್ದದ ಗೋಡೆ

ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯ ಒಂದು ಶಾಲೆಯ ಕಾಂಪೌಂಡ್ ಗೋಡೆಗೆ ನಾವು ಐದಾರು ಮಂದಿ ಸೇರಿ 'ಎಲ್ಲರೂ ಒಂದೇ' ಅಂತ ಒಂದು ಚಿತ್ರ ಬರೆದೆವು. ಅಂಥ ಚಿತ್ರವನ್ನು ನೀವೂ ನೋಡಿಯೇ ಇರುತ್ತೀರಿ. ಎಡಕ್ಕೆ ಗುಡಿ, ನಡುವೆ ಮಸೀದಿ, ಬಲಕ್ಕೆ ಚರ್ಚು. ಕೆಳಗೆ ಕುಲುಕುವ ಎರಡು ಕೈ, ಮೇಲೊಂದು ಬಿಳಿ ಪಾರಿವಾಳ.

ಬಣ್ಣ ಒಣಗುವ ಮೊದಲೇ ತಕರಾರು ಶುರುವಾಯಿತು. ಒಬ್ಬರು ಟೇಪ್ ಹಿಡಿದುಕೊಂಡು ಬಂದು ಅಳೆದೇ ಬಿಟ್ಟರು. ಮಿನಾರು ಗೋಪುರಕ್ಕಿಂತ ಎರಡು ಇಂಚು ಎತ್ತರ! ಸರಿ, ಗೋಪುರ ಏರಿಸಿದೆವು. ಆಗ ಶಿಲುಬೆ ಗಿಡ್ಡ ಕಾಣತೊಡಗಿತು. ಸಂಜೆ ಒಬ್ಬ ಅಜ್ಜಿ ಬಂದು, "ಎಲ್ಲಾ ಬರದೀರಿ, ನಮ್ಮ ಬಸದಿ ಎಲ್ಲೈತ್ರಿ ಸರ?" ಅಂದರು. ಕೊನೆಗೆ ತಾಂಡಾದ ಒಬ್ಬ ಹುಡುಗ, ಆರನೇ ಕ್ಲಾಸಿನವನು, ಚಿತ್ರವನ್ನು ಈ ತುದಿಯಿಂದ ಆ ತುದಿಗೆ ನೋಡಿ ಮೆಲ್ಲಗೆ ಕೇಳಿದ: "ಇದರಾಗ ನಮ್ಮದು ಯಾವದ್ರಿ ಸರ?" ನನ್ನ ಬಳಿ ಉತ್ತರ ಇರಲಿಲ್ಲ. ಮುಂದಿನ ವಾರ ಗೋಡೆಗೆ ಸುಣ್ಣ ಬಿತ್ತು.

ಒಬ್ಬೊಬ್ಬರಿಗೆ ಒಂದೊಂದು ಗುರುತು ಹಂಚುತ್ತಾ ಹೋದರೆ ಆ ಪಟ್ಟಿ ಮುಗಿಯುವುದೇ ಇಲ್ಲ. ಯಾರೋ ಬಿಟ್ಟುಹೋಗುತ್ತಾರೆ, ಯಾರೋ ನಡುವೆ ಕೂರುತ್ತಾರೆ. ಒಲಿಂಪಿಕ್ಸ್‌ನ ಐದು ಬಳೆಗಳನ್ನೇ ನೋಡಿ. 1913ರಲ್ಲಿ ಪಿಯರ್ ಡಿ ಕೂಬರ್ಟಿನ್ ಅದನ್ನು ಬರೆದಾಗ ಐದು ಬಳೆ ಐದು ಖಂಡಕ್ಕೆ ಅಂದರು. ಆದರೆ ಯಾವ ಬಣ್ಣ ಯಾವ ಖಂಡದ್ದು ಅಂತ ಹಂಚಲಿಲ್ಲ. ಐದು ಬಣ್ಣ, ಜೊತೆಗೆ ಹಿಂದಿನ ಬಿಳಿ. ಈ ಆರನ್ನು ಇಟ್ಟುಕೊಂಡರೆ ಆಗಿನ ಎಲ್ಲ ದೇಶಗಳ ಬಾವುಟದ ಬಣ್ಣಗಳೂ ಅದರೊಳಗೆ ಸಿಗುತ್ತಿದ್ದವು. ಹಂಚದೆ ಎಲ್ಲರನ್ನೂ ಒಳಗೆ ತಂದ ಜಾಣತನ ಅದು.

ಆಮೇಲೆ ನಾವು ಬರೆದ ಗೋಡೆಗಳು ಬೇರೆ ಥರ. ಮೊದಲೇ ಎಲ್ಲರ ಮನೆಯಲ್ಲೂ ಓಡಾಡಿಕೊಂಡಿರುವ ಆಕಾರಗಳನ್ನು ಹುಡುಕಿ ಅವನ್ನೇ ಬರೆಯುತ್ತೇವೆ. ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯಲ್ಲಿ ಇಂಥವು ರಾಶಿ ಸಿಗುತ್ತವೆ. ನಿಮ್ಮ ಓಣಿಯಲ್ಲೋ ಶಾಲೆಯಲ್ಲೋ ಮಾಡಬೇಕೆಂದರೆ ದಾರಿ ಇಲ್ಲಿದೆ. ಲೆಕ್ಕಕ್ಕೆ ಸುಲಭವಾಗಲಿ ಅಂತ 16 ಅಡಿ ಅಗಲ, 9 ಅಡಿ ಎತ್ತರದ ಗೋಡೆ ಹಿಡಿದು ಹೇಳುತ್ತೇನೆ.

ಮೊದಲು ಓಣಿ ಸುತ್ತಿ

ಪೆನ್ಸಿಲ್ ಹಿಡಿಯುವ ಮೊದಲು ಎರಡು ವಾರ ಬರೀ ತಿರುಗಾಡಿ. ಮನೆಮನೆಗೆ ಹೋಗಿ ಕೇಳಬೇಕಾದ ಪ್ರಶ್ನೆ 'ನಿಮ್ಮ ಧರ್ಮದ ಗುರುತು ಯಾವುದು?' ಅಂತ ಖಂಡಿತ ಆಗಬಾರದು. 'ನಿಮ್ಮ ಮನೆಯಲ್ಲಿ ಕೈಯಿಂದ ಮಾಡಿದ ಹಳೆಯ ವಸ್ತು ಏನಿದೆ? ತೋರಿಸ್ತೀರಾ?' ಅಂತ ಕೇಳಿ. ಟ್ರಂಕು ತೆರೆಯುತ್ತಾರೆ, ಚಹಾ ಬರುತ್ತದೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ನಮ್ಮ ಕಡೆ ಟ್ರಂಕಿನಿಂದ ಏನೇನು ಹೊರಬರುತ್ತದೆ ನೋಡಿ. ಕಸೂತಿ ಹಾಕಿದ ಇಳಕಲ್ ಸೀರೆ: ತೇರು, ಗೋಪುರ, ಆನೆ ಅಂಬಾರಿ, ತುಳಸಿ ಕಟ್ಟೆ. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ಅದರಲ್ಲಿ ನಾಲ್ಕು ಹೊಲಿಗೆ. ತಾಂಡಾದ ಮನೆಗಳಲ್ಲಿ ಕನ್ನಡಿ, ಕವಡೆ ಹೊಲಿದ ಲಂಬಾಣಿ ಬಟ್ಟೆ. ನವಲಗುಂದದಲ್ಲಿ ಮುಸ್ಲಿಂ ಹೆಣ್ಣುಮಕ್ಕಳು ಎದ್ದು ನಿಂತ ಮಗ್ಗದಲ್ಲಿ ನೇಯುವ ಜಮಖಾನ. ಅದರ ಮೇಲೆ ನವಿಲು, ಪಗಡೆ ಹಾಸು. ನಮಾಜಿಗೆ ಹಾಸುವುದನ್ನೂ ಅದೇ ಕೈಗಳು ನೇಯುತ್ತವೆ, ಮದುವೆಗೆ ಹಾಸುವುದನ್ನೂ ಅವೇ ನೇಯುತ್ತವೆ. ಹಾವೇರಿಯಲ್ಲಾದರೆ ಏಲಕ್ಕಿ ಹಾರ. ಅದನ್ನು ಪೋಣಿಸುವವರು ಮುಸ್ಲಿಂ ಪಟವೇಗಾರರು, ಅದು ಹೋಗಿ ಬೀಳುವುದು ದೇವರ ಕೊರಳಿಗೂ ಮಂತ್ರಿಗಳ ಕೊರಳಿಗೂ. ಮುಂಡಗೋಡಿನ ಟಿಬೆಟನ್ ಕ್ಯಾಂಪು 1966ರಿಂದ ಇದೆ, ಹುಬ್ಬಳ್ಳಿಗೆ ಅವರ ಓಡಾಟ ದಿನವೂ ಉಂಟು. ಅವರ ಬಾಗಿಲ ಪರದೆಯ ಮೇಲೆ ತುದಿ ಮೊದಲಿಲ್ಲದ ಒಂದು ಗಂಟು ಕಾಣುತ್ತದೆ. ನಮ್ಮ ಅವ್ವಂದಿರು ಚುಕ್ಕಿ ಇಟ್ಟು, ಸುತ್ತ ಒಂದೇ ಎಳೆ ಎಳೆದು, ಹೊರಟಲ್ಲಿಗೇ ಬಂದು ಸೇರಿಸುವ ರಂಗೋಲಿ ಅದಕ್ಕೆ ಖಾಸಾ ತಂಗಿ.

ಕಂಡದ್ದನ್ನೆಲ್ಲ ಫೋಟೊ ತೆಗೆಯಿರಿ, ಕೇಳಿಯೇ ತೆಗೆಯಿರಿ. ಪಕ್ಕದಲ್ಲೊಂದು ನೋಟುಬುಕ್ಕಿನಲ್ಲಿ ಅದನ್ನು ಆ ಮನೆಯಲ್ಲಿ ಏನಂತ ಕರೆಯುತ್ತಾರೆ ಅಂತ ಬರೆದುಕೊಳ್ಳಿ. 'ಡಿಸೈನ್' ಅಂತ ಬರೆದರೆ ನಾಳೆ ನಿಮಗೇ ಗೊತ್ತಾಗುವುದಿಲ್ಲ.

ಏನು ಬೇಡ ಅನ್ನುವುದೂ ಈಗಲೇ ತೀರ್ಮಾನವಾಗಲಿ. ನಾವು ಬರೆಯದೇ ಇರುವವು ಇವು: ದೇವರ ಮುಖ, ಯಾವುದೇ ಗ್ರಂಥದ ಅಕ್ಷರ, ಪಕ್ಷದ ಚಿಹ್ನೆ, ರಾಷ್ಟ್ರಧ್ವಜ. ಇದು ಹೆದರಿಕೆಗಲ್ಲ. ಓಣಿಯ ಗೋಡೆ ಅಂದರೆ ಎಲೆ ಅಡಿಕೆ ಉಗುಳು, ನಾಯಿ, ಎಮ್ಮೆ ಮೈ ತಿಕ್ಕುವುದು ಎಲ್ಲ ಇರುವಂಥದ್ದು. ಪವಿತ್ರವಾದದ್ದನ್ನು ಅಲ್ಲಿಟ್ಟು ಆಮೇಲೆ ನೊಂದುಕೊಳ್ಳುವುದು ಯಾಕೆ? (ಮೂತ್ರ ಮಾಡದಿರಲಿ ಅಂತ ಕಾಂಪೌಂಡಿಗೆ ಗಣಪತಿ, ಏಸು, ಮೆಕ್ಕಾದ ಟೈಲ್ಸ್ ಸಾಲಾಗಿ ಅಂಟಿಸುತ್ತಾರಲ್ಲ, ನಮ್ಮ ಊರುಗಳಲ್ಲಿ ಅತಿ ಹೆಚ್ಚು ಕಾಣುವ ಸರ್ವಧರ್ಮ ಸಮನ್ವಯ ಅದೇ!) ಧ್ವಜದ ವಿಷಯದಲ್ಲಂತೂ ಇನ್ನೂ ಜಾಗ್ರತೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ತಯಾರಾಗುವುದನ್ನು ನೋಡಿದವರಿಗೆ ಗೊತ್ತು, ಅಳತೆಗೂ ಬಣ್ಣಕ್ಕೂ ಎಷ್ಟು ಕಟ್ಟುನಿಟ್ಟು ಅಂತ. ಗೋಡೆಯ ಮೇಲೆ ಮಾಸಿ, ಸಿಪ್ಪೆ ಏಳುವ ಧ್ವಜ ಬೇಡ.

ಗೋಡೆ ನೋಡಿಕೊಳ್ಳಿ

ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಪಾಲಿಕೆಯ ಗೋಡೆಯಾದರೆ ಮೊದಲು ಅರ್ಜಿ ಕೊಡಿ. ಸಾರ್ವಜನಿಕ ಜಾಗ ಅಂದಗೆಡಿಸುವುದನ್ನು ತಡೆಯಲು 1981ರ ಕಾಯ್ದೆಯೇ ಇದೆ. 'ಚಂದ ಮಾಡಿದೆವು' ಅನ್ನುವುದು ಅದಕ್ಕೆ ಉತ್ತರ ಆಗುವುದಿಲ್ಲ.

ತೇವ ಇದೆಯೋ ಇಲ್ಲವೋ ನೋಡಲು ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ಒಳಗೆ ಬೆವರಿದ್ದರೆ ಆ ಗೋಡೆ ಬೇಡ. ಹೊಸ ಗಿಲಾವಾದರೆ ಕಡಿಮೆ ಅಂದರೂ 28 ದಿನ ಒಣಗಲಿ. ಹಳೆಯ ಸುಣ್ಣ ಇದ್ದರೆ ಕೆರೆದು, ತೊಳೆದು, ಒಂದು ಕೋಟ್ ಪ್ರೈಮರ್ ಹೊಡೆಯಿರಿ. ಧಾರವಾಡದ ಮಳೆಗಾಲದಲ್ಲಿ ಈ ಸಾಹಸ ಬೇಡ. ದೀಪಾವಳಿ ಕಳೆದ ಮೇಲೆ, ಶಿವರಾತ್ರಿಯೊಳಗೆ ಮುಗಿಸಿ.

ಕೌದಿಯ ಹಾಗೆ ಹಂಚಿ

ಮೇಲೆ ಅರ್ಧ ಅಡಿ, ಕೆಳಗೆ ಅರ್ಧ ಅಡಿ ಅಂಚಿಗೆ ಬಿಡಿ. ಉಳಿದದ್ದು 16 ಅಡಿಗೆ 8 ಅಡಿ. ಗೌಂಡಿಗಳ ಹಾಗೆ ನೀಲಿ ಪುಡಿ ಸವರಿದ ದಾರವನ್ನು ಬಿಗಿಯಾಗಿ ಹಿಡಿದು, ಎಳೆದು ಬಿಟ್ಟು, ಎರಡೆರಡು ಅಡಿಯ ಚೌಕ ಮಾಡಿಕೊಳ್ಳಿ. 32 ಚೌಕ ಬರುತ್ತವೆ. ನಟ್ಟನಡುವಿನ ನಾಲ್ಕು ಒಂದು ನಕ್ಷತ್ರಕ್ಕೆ. ಉಳಿದ 28 ಮನೆಗಳಿಗೆ.

ಈ ವಿಂಗಡಣೆ ನಾನು ಕದ್ದದ್ದು ಕೌದಿಯಿಂದ. ಅವ್ವನ ಸೀರೆ, ಅಪ್ಪನ ಧೋತರ, ಮಗನ ಹರಿದ ಅಂಗಿ ಎಲ್ಲ ಸೇರಿ ಒಂದು ಹೊದಿಕೆ ಆಗುತ್ತದಲ್ಲ, ಇದಕ್ಕಿಂತ ಒಳ್ಳೆಯ ನಕ್ಷೆ ನನಗೆ ಗೊತ್ತಿಲ್ಲ. ಕಲಘಟಗಿ, ಹಳಿಯಾಳ, ಯಲ್ಲಾಪುರದ ಕಡೆ ಇರುವ ಸಿದ್ದಿ ಜನರ ಕೌದಿ ನೋಡಿ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಇವತ್ತು ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಅವರ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ 'ಫೂಲ್' ಇರಲೇಬೇಕು, ಅದಿಲ್ಲದ ಕೌದಿ ಬತ್ತಲೆ ಅಂತ ಅವರಲ್ಲಿ ಮಾತಿದೆ. ನಾವೂ ಹಾಗೇ ಮಾಡುತ್ತೇವೆ. ನಾಲ್ಕು ಗುಂಪು ನಾಲ್ಕು ಮೂಲೆಯಿಂದ ಶುರುಮಾಡಿ ನಡುವಿಗೆ ಬರುವುದು. 'ನಡುವೆ ಯಾರದು?' ಅನ್ನುವ ಜಗಳ ಹುಟ್ಟುವುದೇ ಇಲ್ಲ.

ಚೌಕಗಳನ್ನು ಚೀಟಿ ಎತ್ತಿ ಹಂಚಿ. ಎರಡನ್ನು ಯಾರಿಗೂ ಕೊಡದೆ ಇಟ್ಟುಕೊಳ್ಳಿ. 'ನಮಗ್ಯಾಕ ಹೇಳಲಿಲ್ಲ?' ಅಂತ ಭಾನುವಾರ ಹನ್ನೊಂದು ಗಂಟೆಗೆ ಯಾರಾದರೂ ಬಂದೇ ಬರುತ್ತಾರೆ.

ಇನ್ನು ನಾನು ಬಿಟ್ಟುಕೊಡದ ಒಂದು ನಿಯಮ. ಗುರುತು ತಂದವರು ಅದನ್ನು ತಾವೇ ಬರೆಯಬಾರದು, ಪಕ್ಕದ ಮನೆಯವರಿಗೆ ಕಲಿಸಬೇಕು. ಲಂಬಾಣಿ ಅಜ್ಜಿ ಹೇಳಿದಂತೆ ಕಸೂತಿಯ ಮನೆಯವರು ಬರೆಯಬೇಕು, ಕಸೂತಿಯ ತೇರನ್ನು ಜಮಖಾನದ ಮನೆಯ ಹುಡುಗ ಬರೆಯಬೇಕು. ಗೋಡೆಯ ಮೇಲೆ ಏನು ಬಂತು ಅನ್ನುವುದಕ್ಕಿಂತ ಇದರಲ್ಲೇ ಹೆಚ್ಚು ನಡೆಯುತ್ತದೆ. ಒಮ್ಮೆ ನವಿಲಿನ ಚೌಕ ನನ್ನ ಪಾಲಿಗೆ ಬಂತು. ನನಗೆ ಬರುವ ಹಾಗೆ ಕತ್ತು ಬಳುಕಿಸಿ, ಗರಿ ಹರಡಿ ಬರೆದೆ. ಜಮಖಾನ ನೇಯುವ ಚಾಚಿ ಹಿಂದೆ ನಿಂತು ನೋಡಿ ನಕ್ಕರು. "ಸರ, ಈ ನವಿಲು ಮಗ್ಗದ ಮ್ಯಾಲ ಕುಂದ್ರಂಗಿಲ್ರಿ." ನೇಯ್ಗೆಯಲ್ಲಿ ಬಾಗಿದ ಗೆರೆ ಇರುವುದಿಲ್ಲ. ದಾರ ಅಡ್ಡ ಹೋಗುತ್ತದೆ, ಒಂದು ಮೆಟ್ಟಿಲು ಹತ್ತುತ್ತದೆ, ಮತ್ತೆ ಅಡ್ಡ ಹೋಗುತ್ತದೆ. ಚಾಚಿ ಗ್ರಾಫ್ ಹಾಳೆ ಇಸಿದುಕೊಂಡು ಒಂದೊಂದೇ ಮನೆ ತುಂಬಿ ತೋರಿಸಿದರು. ಕತ್ತಿಗೆ ಮೂರು ಮೆಟ್ಟಿಲು, ಎದೆಗೆ ಎರಡು, ಕೊಕ್ಕಿಗೆ ಒಂದೇ ಮನೆ. ಪಕ್ಕದಲ್ಲಿದ್ದ ಕಸೂತಿ ಬಲ್ಲ ಒಬ್ಬ ತಾಯಿ, "ಅಯ್ಯ, ನಾವೂ ಎಳಿ ಎಣಿಸೇ ಹಾಕೋದಲ್ರಿ!" ಅಂದರು. ಆಮೇಲೆ ನಾನು ಅಲ್ಲಿ ಬೇಕಾಗಿರಲಿಲ್ಲ. ಚಹಾ ತರಲು ಹೋದೆ.

ನಡುವಿನ ನಕ್ಷತ್ರ

ನನಗೆ ಅತ್ಯಂತ ಇಷ್ಟದ ಭಾಗ ಇದು. ಸ್ವಲ್ಪ ನಿಧಾನವಾಗಿ ಓದಿ, ಕೈಯಲ್ಲಿ ಕಾಗದ ಪೆನ್ಸಿಲ್ ಇದ್ದರೆ ಇನ್ನೂ ಒಳ್ಳೆಯದು.

ಗದಗಿನಿಂದ ಡಂಬಳಕ್ಕೆ ಹೋದರೆ ದೊಡ್ಡಬಸಪ್ಪನ ಗುಡಿ ಇದೆ. 12ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಅದರ ಗರ್ಭಗುಡಿಯ ಹೊರಗೋಡೆ ಸುತ್ತು ಹಾಕಿ. ಗೋಡೆ ಎಲ್ಲೂ ನೇರ ಇಲ್ಲ, ಬರೀ ಮೂಲೆ, ಮೂಲೆ, ಮೂಲೆ. 24 ಮೂಲೆಯ ನಕ್ಷತ್ರದ ತಳಪಾಯ ಅದು. ಇಂಥದ್ದನ್ನು ಹೇಗೆ ಬರೆಯುವುದು? ಒಂದು ಚೌಕ ತೆಗೆದುಕೊಂಡು ಅದನ್ನು ಇದ್ದಲ್ಲೇ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಹೋಗುವುದು. ಅಷ್ಟೇ. ಈಗ ಮಸೀದಿ, ದರ್ಗಾಗಳ ಜಾಲಿ ಕಿಟಕಿಯಲ್ಲಿ ಕಾಣುವ ಎಂಟು ಮೂಲೆಯ ನಕ್ಷತ್ರ ನೆನಪಿಸಿಕೊಳ್ಳಿ. ಅದೂ ಚೌಕವೇ. ಒಂದರ ಮೇಲೊಂದು ಎರಡು ಚೌಕ, ಎರಡನೆಯದು 45 ಡಿಗ್ರಿ ತಿರುಗಿದೆ. ಡಂಬಳದ್ದಕ್ಕೆ ಆರು ಚೌಕ, 15 ಡಿಗ್ರಿಗೊಂದು. ಉಪಾಯ ಮಾತ್ರ ಒಂದೇ.

ಬರೆಯುವುದು ಹೀಗೆ. ನಡುವಿನ ನಾಲ್ಕು ಚೌಕ ಸೇರಿ 4 ಅಡಿಗೆ 4 ಅಡಿ ಜಾಗ ಆಯಿತು. ಮಧ್ಯಕ್ಕೊಂದು ಮೊಳೆ ಹೊಡೆದು 22 ಇಂಚಿನ ದಾರಕ್ಕೆ ಚಾಕ್‌ಪೀಸ್ ಕಟ್ಟಿ ವೃತ್ತ ಎಳೆಯಿರಿ. ಗಡಿಯಾರದ 12, 3, 6, 9ರ ಜಾಗದಲ್ಲಿ ಗುರುತು ಮಾಡಿ. ಈಗ ಅದೇ 22 ಇಂಚಿನ ದಾರವನ್ನು ಈ ನಾಲ್ಕೂ ಗುರುತಿನಲ್ಲಿ ಇಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವೃತ್ತವನ್ನು ಕತ್ತರಿಸಿ. ಗಡಿಯಾರದ ಹನ್ನೆರಡೂ ಗಂಟೆ ತಾವಾಗಿಯೇ ಬಂದುಬಿಡುತ್ತವೆ. ಪ್ರತಿ ಎರಡು ಗಂಟೆಯ ನಟ್ಟನಡುವೆ, ಅಂದರೆ ಅರ್ಧರ್ಧ ಗಂಟೆಗೆ, ಇನ್ನೊಂದು ಚುಕ್ಕಿ. ಒಟ್ಟು 24 ಚುಕ್ಕಿ. ಮೇಲಿನ 12 ಗಂಟೆಯ ಚುಕ್ಕಿಗೆ 1 ಅಂತ ಬರೆದು, ಬಲಕ್ಕೆ ಎಣಿಸುತ್ತಾ 24ರವರೆಗೆ ಅಂಕಿ ಹಾಕಿ.

ಮೊದಲ ಚೌಕ: 1, 7, 13, 19 ಸೇರಿಸಿ. ಎರಡನೆಯದು: 2, 8, 14, 20. ಹೀಗೇ ಮುಂದುವರಿದರೆ ಆರನೆಯದು 6, 12, 18, 24. ಹೊರಗಿನ ಹಲ್ಲುಗಳು ನೋಡಿ, ಡಂಬಳ! ಈಗ ಮೊದಲನೇ ಮತ್ತು ನಾಲ್ಕನೇ ಚೌಕದ ಗೆರೆಗಳನ್ನು ಮಾತ್ರ ದಪ್ಪ ಮಾಡಿ. ನಾಲ್ಕನೆಯದು ಅಂದರೆ 4, 10, 16, 22. ಜಾಲಿಯ ಎಂಟು ಮೂಲೆಯ ನಕ್ಷತ್ರ ಅದರೊಳಗಿನಿಂದಲೇ ಎದ್ದು ಬರುತ್ತದೆ. ನಾವು ಏನನ್ನೂ ಹೊರಗಿನಿಂದ ತಂದು ಅಂಟಿಸಲಿಲ್ಲ ಅಲ್ವಾ? ಮಕ್ಕಳು ಇದನ್ನು ಮೊದಲ ಸಲ ಕಂಡಾಗ ಕೂಗುತ್ತಾರೆ, ದೊಡ್ಡವರು ಸುಮ್ನೆ ಹತ್ತಿರ ಬಂದು ಬೆರಳಿಂದ ಗೆರೆ ಹಿಡಿದು ನೋಡುತ್ತಾರೆ.

ಇನ್ನೊಂದಿದೆ. 24 ಚುಕ್ಕಿಗಳಿಂದಲೂ ನಡುವಿಗೆ ಗೆರೆ ಎಳೆದರೆ 24 ಅರೆಗಳ ಚಕ್ರ. ಬೆಂಗೇರಿಯ ಧ್ವಜದ ನಡುವೆ ಕೂರುವ ಚಕ್ರಕ್ಕೂ ಅಷ್ಟೇ ಅರೆ, ಅದೇ 15 ಡಿಗ್ರಿ. ಇದನ್ನು ಕಾಗದದ ಮೇಲೆ ಮಕ್ಕಳಿಗೆ ತೋರಿಸಿ, ಗೋಡೆಗೆ ಬೇಡ.

ಅಂಚು

ಅಂಚಿಗೆ ಕಸೂತಿಯ ಗೋಪುರ. ಒಂದು ಇಂಚಿಗೆ ಒಂದು ಮನೆ ಅಂತ ಲೆಕ್ಕ ಹಿಡಿಯಿರಿ. ಅರ್ಧ ಅಡಿ ಎತ್ತರ ಅಂದರೆ ಆರು ಸಾಲು. ಕೆಳಗಿನ ಸಾಲಿನಲ್ಲಿ 11 ಮನೆ ತುಂಬಿ, ಅದರ ಮೇಲೆ ನಡುವಿಗೆ ಸರಿಯಾಗಿ 9, ಆಮೇಲೆ 7, 5, 3, 1. ಒಂದು ಗೋಪುರ ಆಯಿತು. ಒಂದು ಮನೆ ಬಿಟ್ಟು ಮುಂದಿನದು. 12 ಇಂಚಿಗೊಂದರಂತೆ 16 ಅಡಿಗೆ 16 ಗೋಪುರ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಈಗ ಎರಡು ಗೋಪುರದ ನಡುವಿನ ಖಾಲಿ ಜಾಗ ನೋಡಿ. ಕೆಳಗೆ 1, ಮೇಲೆ 3, 5, 7, 9, 11. ಅದೇ ಗೋಪುರ ತಲೆಕೆಳಗಾಗಿ ನಿಂತಿದೆ. ಅದಕ್ಕೆ ಬೇರೆ ಬಣ್ಣ ತುಂಬಿ, ಒಂದೊಂದಕ್ಕೆ ನಡುವೆ ಕನ್ನಡಿಯಂಥ ಬಿಳಿ ಬೊಟ್ಟು ಇಟ್ಟರೆ ಲಂಬಾಣಿ ಕಸೂತಿಯ ತ್ರಿಕೋನದ ಸಾಲು. ಆ ತಾಂಡಾದ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಬೊಟ್ಟು ಇಡುವ ಉಪಾಯ ಅವನದೇ.

ಬಣ್ಣ

ಕೇಸರಿ ಇಷ್ಟಿರಲಿ, ಹಸಿರು ಇಷ್ಟಿರಲಿ ಅಂತ ಶುರುವಾದರೆ ಮತ್ತೆ ಟೇಪ್ ಹೊರಬರುತ್ತದೆ. ಬಣ್ಣವನ್ನು ಮನುಷ್ಯರಿಂದ ಆರಿಸಬೇಡಿ, ಹೊಲದಿಂದ ಆರಿಸಿ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಎರಿಮಣ್ಣಿನ ಕಪ್ಪು, ಬಿಳಿಜೋಳದ ಕೆನೆ, ಕುಸುಬಿ ಹೂವಿನ ಹಳದಿ, ಕಡಲೆ ಗಿಡದ ಹಸಿರು, ಗೋಡೆಗೆ ಬಳಿಯುವ ನೀಲಿ. ಆರು ಸಾಕು, ಏಳನೆಯದು ಬೇಡವೇ ಬೇಡ. ಬಣ್ಣ ಜಾಸ್ತಿಯಾದಷ್ಟೂ ಗೋಡೆ ಮಿಠಾಯಿ ಅಂಗಡಿ ಆಗುತ್ತದೆ. ನಾನು ಒಣ ಮೆಣಸಿನಕಾಯಿ, ಒಂದು ಮುಷ್ಟಿ ಜೋಳ, ಒಂದು ಹೆಂಟೆ ಮಣ್ಣು ಚೀಲದಲ್ಲಿ ಹಾಕಿಕೊಂಡು ಪೇಂಟ್ ಅಂಗಡಿಗೆ ಹೋಗುತ್ತೇನೆ. ಶೇಡ್ ಕಾರ್ಡಿನ ಮೇಲೆ ಮೆಣಸಿನಕಾಯಿ ಇಟ್ಟು ಹೊಂದಿಸುವಾಗ ಅಂಗಡಿಯವರು ಮೊದಲು ನಗುತ್ತಾರೆ, ಆಮೇಲೆ ಅವರೇ ಬಾಗಿ ನೋಡಲು ಶುರುಮಾಡುತ್ತಾರೆ.

ಹೊರಗೋಡೆಗೆ ಹಚ್ಚುವ ಎಮಲ್ಷನ್ನೇ ತೆಗೆದುಕೊಳ್ಳಿ. 144 ಚದರ ಅಡಿಗೆ ಎರಡು ಲೀಟರ್ ಪ್ರೈಮರ್, ತಳಕ್ಕೆ ಹಚ್ಚುವ ಕೆನೆ ಬಣ್ಣ ನಾಲ್ಕು ಲೀಟರ್, ಉಳಿದ ಐದು ಬಣ್ಣ ಒಂದೊಂದು ಲೀಟರ್. ನಮಗೆ ಯಾವತ್ತೂ ಇದು ಕಡಿಮೆ ಬಿದ್ದಿಲ್ಲ.

ಬರೆಯುವ ದಿನ

ಹಿಂದಿನ ಸಂಜೆ ಗೋಡೆಯ ಮುಂದಿನ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಪೂರ್ತಿ ಚಿತ್ರ ಒಮ್ಮೆ ಹಾಕಿ ನೋಡಿ. ತಪ್ಪು ಅಲ್ಲೇ ಸಿಗುತ್ತದೆ, ಗುಡಿಸಿದರೆ ಹೋಗುತ್ತದೆ. ಯಾರಿಗಾದರೂ ಏನಾದರೂ ಮನಸ್ಸಿಗೆ ಬಾರದಿದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ರಂಗೋಲಿ ಹಾಕುವಾಗ ಜನ ನಿಂತು ನೋಡುತ್ತಾರೆ, ಮಾತಾಡುತ್ತಾರೆ. ಬಣ್ಣದ ಡಬ್ಬಿ ಕಂಡರೆ ಯಾಕೋ ಸುಮ್ಮನಾಗುತ್ತಾರೆ.

ಬೆಳಿಗ್ಗೆ ಏಳಕ್ಕೆ ಶುರುಮಾಡಿ, ಬಿಸಿಲು ಏರಿದಾಗ ನಿಲ್ಲಿಸಿ. ಕಾದ ಗೋಡೆಯ ಮೇಲೆ ಬ್ರಷ್ ಜಗ್ಗುತ್ತದೆ, ಗೆರೆ ಹರಿಯುತ್ತದೆ. ತಿಳಿ ಬಣ್ಣ ಮೊದಲು, ಕಪ್ಪು ಕೊನೆಗೆ. ನೇರ ಗೆರೆಗೆ ಟೇಪ್ ಹಚ್ಚಿದ್ದರೆ ಬಣ್ಣ ಪೂರ್ತಿ ಗಟ್ಟಿಯಾಗುವ ಮೊದಲೇ ಕೀಳಿ. ಮಕ್ಕಳ ಚೌಕದಲ್ಲಿ ಗೆರೆ ಸೊಟ್ಟ ಬಂದರೆ ಬಿಟ್ಟುಬಿಡಿ. ರಾತ್ರಿ ನೀವು ಕೂತು ತಿದ್ದಿದರೆ ಅವರಿಗೆ ಬೆಳಿಗ್ಗೆ ಗೊತ್ತಾಗಿಯೇ ಆಗುತ್ತದೆ.

ಕೆಳಗಿನ ಬಲಮೂಲೆಯಲ್ಲಿ ಹೆಸರು ಹಾಕುವ ಆಸೆ ಎಲ್ಲರಿಗೂ ಇರುತ್ತದೆ. 28 ಮನೆಯ ಹೆಸರು ಬರೆದರೆ ಗೋಡೆ ಮದುವೆ ಕಾರ್ಡಿನಂತೆ ಕಾಣುತ್ತದೆ. ನಾವು ಬೆರಳಚ್ಚು ಒತ್ತಿಸುತ್ತೇವೆ, ಆರು ಬಣ್ಣದಲ್ಲಿ ಯಾವುದು ಬೇಕೋ ಅದರಲ್ಲಿ.

ಉಳಿದ ಬಣ್ಣವನ್ನು ಉಪ್ಪಿನಕಾಯಿ ಬಾಟಲಿಗಳಲ್ಲಿ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಮುಚ್ಚಳ ಬಿಗಿಯಿರಿ. ಮೇಲೆ 'ಮೆಣಸಿನಕಾಯಿ', 'ಎರಿಮಣ್ಣು' ಅಂತ ಚೀಟಿ ಅಂಟಿಸಿ ಗೋಡೆಗೆ ಹತ್ತಿರದ ಮನೆಯಲ್ಲಿ ಇಟ್ಟಿರಿ. ಮಳೆಗಾಲ ಮುಗಿದ ಮೇಲೆ ಕೆಳಗಿನ ಅಂಚು ಒಂದಿಷ್ಟು ಎದ್ದೇ ಇರುತ್ತದೆ. ದೀಪಾವಳಿಗೆ ಮನೆಗೆ ಸುಣ್ಣ ಹೊಡೆಯುವ ದಿನವೇ ಅದನ್ನೂ ಮುಟ್ಟಿಸಿಬಿಡಿ, ಬ್ರಷ್ ಹೇಗೂ ಹೊರಗಿರುತ್ತದೆ.